ಓಸ್ತಿಯಾ ಪಟ್ಟಣದಲ್ಲಿ ಕಂಡ ದುಡಿಮೆಯ ಜನ

(ಸಹೋದರಕೂಟದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



2025ರ ಜೂಬಿಲಿ ವರ್ಷದಲ್ಲಿ ರೋಮಿಗೆ ಹೋದ ಯಾತ್ರಿಕರ ಗುಂಪಿನಲ್ಲಿ ನಾನೂ ಇದ್ದೆನೆಂಬುದು ನಿಮಗೆ ಗೊತ್ತಿದೆ. ಸಂತ ಪೇತ್ರರ ದೇವಾಲಯದ ವಿಚಾರ, ಪವಿತ್ರ ದ್ವಾರದ ವಿಚಾರ ಎಲ್ಲವನ್ನೂ ಭಾನುವಾರದ ಉಪದೇಶದಲ್ಲಿ ಹೇಳಿಯಾಗಿದೆ. ಇವತ್ತು ಅದನ್ನೇ ಮತ್ತೆ ಹೇಳುವುದಿಲ್ಲ. ಯಾತ್ರೆಯ ಪಟ್ಟಿಯ ಕೊನೆಯ ಸಾಲಿನಲ್ಲಿದ್ದ ಒಂದು ಹಾಳೂರಿನ ವಿಚಾರ ಹೇಳುತ್ತೇನೆ. ಆ ಊರಿನ ಹೆಸರು ಓಸ್ತಿಯಾ.

ಅದನ್ನೇ ಏಕೆ ಆರಿಸಿಕೊಂಡೆ ಎಂದು ನೀವು ಕೇಳಬಹುದು. ರೋಮ್ ನಗರದಲ್ಲಿ ನಾವು ತಲೆಯೆತ್ತಿ ನೋಡಿದ ಹಳೆಯ ಕಟ್ಟಡಗಳೆಲ್ಲ ಚಕ್ರವರ್ತಿಗಳ ಹೆಸರಿನವು. ಕಮಾನು ಅವರದು, ಕಂಬ ಅವರದು, ಜಯಸ್ತಂಭ ಅವರದು. ಓಸ್ತಿಯಾದಲ್ಲಿ ಮಾತ್ರ ನಾವು ತಲೆ ಬಗ್ಗಿಸಿ ನೋಡಬೇಕಾಯಿತು. ಅಲ್ಲಿ ನೋಡುವಂಥದ್ದು ಬಹುಪಾಲು ನೆಲದ ಮೇಲೆ ಇದೆ. ಮೂಟೆ ಹೊತ್ತವರು, ಕಾಳು ಅಳೆದವರು, ಗಾಡಿ ಹೊಡೆದವರು, ಹಗ್ಗ ಹೊಸೆದವರು, ಒಲೆಗೆ ಸೌದೆ ಹಾಕಿದವರು, ಇಂಥವರ ಊರು ಅದು. ನಮ್ಮಂಥವರ ಊರು.

ಮೊದಲು ಊರಿನ ನೆಲೆ ತಿಳಿದುಕೊಳ್ಳೋಣ. ರೋಮಿನಿಂದ ಸುಮಾರು 25 ಕಿಲೋಮೀಟರ್ ದೂರದಲ್ಲಿ, ಟೈಬರ್ ನದಿ ಸಮುದ್ರ ಸೇರುತ್ತಿದ್ದ ಜಾಗದಲ್ಲಿ ಈ ಊರಿತ್ತು. ಲತೀನ್ ಭಾಷೆಯಲ್ಲಿ ಆ ಹೆಸರಿಗೆ ನದಿಯ ಬಾಯಿ ಎಂದೇ ಅರ್ಥ. ಈಗ ನದಿ ತಂದ ಹೂಳಿನಿಂದ ಸಮುದ್ರವೇ ಸುಮಾರು ಮೂರು ಕಿಲೋಮೀಟರ್ ಹಿಂದೆ ಸರಿದಿದೆ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಒಂದು ಸಣ್ಣ ಕೋಟೆಯಾಗಿ ಶುರುವಾದದ್ದು, ಕ್ರಿಸ್ತಶಕ ಎರಡನೆಯ ಶತಮಾನದ ಹೊತ್ತಿಗೆ ಸುಮಾರು 50,000 ಜನರ ಪಟ್ಟಣವಾಯಿತೆಂದು ವಿದ್ವಾಂಸರ ಅಂದಾಜು.

ಇಷ್ಟು ಜನ ಅಲ್ಲಿ ಏಕೆ ಸೇರಿದರು? ರೋಮ್ ನಗರದ ಹೊಟ್ಟೆ ತುಂಬಿಸುವುದಕ್ಕೆ. ಅಗಸ್ತನ ಕಾಲದಲ್ಲೇ, ಅಂದರೆ ನಮ್ಮ ಕರ್ತರು ಹುಟ್ಟಿದ ಕಾಲದ ಆಸುಪಾಸಿನಲ್ಲಿ, ರೋಮಿನ ಸುಮಾರು 2,00,000 ಪೌರರಿಗೆ ಸರಕಾರವೇ ಪುಕ್ಕಟೆ ಗೋಧಿ ಕೊಡುತ್ತಿತ್ತು. ನಮ್ಮ ರೇಷನ್ ಅಂಗಡಿಯ ಹಾಗೆ ಎಂದುಕೊಳ್ಳಿ. ಆ ಗೋಧಿ ಈಜಿಪ್ಟಿನಿಂದ, ಉತ್ತರ ಆಫ್ರಿಕದಿಂದ ಹಡಗಿನಲ್ಲಿ ಬರಬೇಕು. ದೊಡ್ಡ ಹಡಗು ಟೈಬರ್ ನದಿಯಲ್ಲಿ ಮೇಲಕ್ಕೆ ಹೋಗುವ ಹಾಗಿಲ್ಲ. ಆದ್ದರಿಂದ ನದಿಯ ಬಾಯಲ್ಲಿ ಮೂಟೆ ಇಳಿಸಿ, ಅಳೆದು, ಉಗ್ರಾಣದಲ್ಲಿಟ್ಟು, ಮತ್ತೆ ಸಣ್ಣ ದೋಣಿಗೆ ತುಂಬಿ, ದಂಡೆಯ ಮೇಲೆ ಹಗ್ಗ ಹಿಡಿದು ಎಳೆದುಕೊಂಡು ರೋಮಿಗೆ ಹೋಗಬೇಕು. ಕ್ಲೌದಿಯ ಚಕ್ರವರ್ತಿ 42ನೇ ಇಸವಿಯಲ್ಲಿ ಹತ್ತಿರದಲ್ಲೇ ಹೊಸ ಬಂದರು ಕಟ್ಟಲು ಆರಂಭಿಸಿದ. ಆಮೇಲೆ ತ್ರಾಜಾನ ಚಕ್ರವರ್ತಿ ಅದಕ್ಕೆ ಆರು ಮೂಲೆಯ ದೊಡ್ಡ ಕೊಳವನ್ನು ಸೇರಿಸಿದ. ನಮ್ಮ ಪಶ್ಚಿಮಘಟ್ಟದ ಕರಿಮೆಣಸು ಕೂಡ ಮಲಬಾರಿನಿಂದ ಈಜಿಪ್ಟಿನ ಮಾರ್ಗವಾಗಿ ರೋಮನರ ಅಡಿಗೆಮನೆ ಸೇರುತ್ತಿತ್ತು. ನಮ್ಮ ಕಾಡಿನ ಬಳ್ಳಿಯಿಂದ ಅದನ್ನು ಬಿಡಿಸಿದ ಕೈಗಳಿಗೂ ಆ ಊಟದ ಮೇಜಿಗೂ ನಡುವೆ ಎಷ್ಟು ಹೆಗಲುಗಳು ಇದ್ದವೋ ಲೆಕ್ಕ ಹಾಕಿ.

ಊರೊಳಗೆ ಹೋಗುವ ಬಾಗಿಲಿಗೆ ರೋಮ್ ಬಾಗಿಲು ಎಂದು ಹೆಸರು. ಅಲ್ಲಿಂದ ಒಂದು ಕಿಲೋಮೀಟರಿಗೂ ಹೆಚ್ಚು ಉದ್ದದ ರಸ್ತೆ. ದಪ್ಪ ಕಪ್ಪು ಕಲ್ಲು ಹಾಸಿದ್ದಾರೆ. ಎರಡೂ ಬದಿಯಲ್ಲಿ ಇಟ್ಟಿಗೆ ಗೋಡೆ, ಅಂಗಡಿ ಸಾಲು, ಪೈನ್ ಮರಗಳು. ಛಾವಣಿ ಇಲ್ಲ. ಆದರೂ ಇದು ಬಾಗಿಲು, ಇದು ಮೆಟ್ಟಿಲು, ಇದು ಅಂಗಡಿಯ ಕಟ್ಟೆ ಎಂದು ಚಿಕ್ಕ ಮಗುವೂ ಗುರುತಿಸಬಹುದು.

ರೋಮ್ ಬಾಗಿಲಿನ ಹತ್ತಿರವೇ ಗಾಡಿ ಹೊಡೆಯುವವರ ಸ್ನಾನಗೃಹವಿದೆ. ಅದರ ನೆಲದಲ್ಲಿ ಮೊಸಾಯಿಕ್ ಚಿತ್ರವಿದೆ. ಮೊಸಾಯಿಕ್ ಎಂದಾಗ ಬಂಗಲೆಯ ಹಾಲಿನಲ್ಲಿ ಹಾಕಿರುತ್ತಾರಲ್ಲ, ಆ ಚುಕ್ಕೆ ಚುಕ್ಕೆ ಟೈಲ್ಸು ಅಂದುಕೊಳ್ಳಬೇಡಿ. ಬೆರಳಿನ ಉಗುರಿನಷ್ಟು ಸಣ್ಣ ಕಲ್ಲಿನ ಚೂರುಗಳನ್ನು, ಕಪ್ಪು ಬೇರೆ ಬಿಳಿ ಬೇರೆ, ಒಂದೊಂದಾಗಿ ಗಾರೆಯಲ್ಲಿ ಕೂರಿಸಿ ಬಿಡಿಸಿದ ಚಿತ್ರ ಅದು. ನಮ್ಮ ಹೆಣ್ಣುಮಕ್ಕಳು ಹಬ್ಬದ ದಿನ ಇಡುವ ರಂಗೋಲಿ ಸಂಜೆಯೊಳಗೆ ಅಳಿಸಿಹೋಗುತ್ತದೆ. ಇದು 1,800 ವರ್ಷಗಳಿಂದ ಅಳಿಸದ ರಂಗೋಲಿ.

ಆ ಗಾಡಿಯವರ ನೆಲದ ಮೇಲೆ ದೇವತೆಗಳು, ಸಮುದ್ರದ ಪ್ರಾಣಿಗಳು ಇರುವುದು ಮಾತ್ರವಲ್ಲ, ಗಾಡಿಗಳೂ ಹೇಸರಗತ್ತೆಗಳೂ ಇವೆ. ಹೇಸರಗತ್ತೆಗಳಿಗೆ ಹೆಸರನ್ನೂ ಬರೆದಿದ್ದಾರೆ. ಒಂದರ ಹೆಸರಿಗೆ ಕಾಲುನೋವಿನ ಕುಂಟ ಎಂದು ಅರ್ಥ, ಇನ್ನೊಂದರ ಹೆಸರಿಗೆ ಕುಡುಕ ಎಂದು ಅರ್ಥವಂತೆ. ದನಕ್ಕೆ ನಾವು ಅಡ್ಡಹೆಸರು ಇಟ್ಟು ಕರೆಯುವ ಹಾಗೆಯೇ! ದಿನವೆಲ್ಲ ಧೂಳು ಕುಡಿದು ಬಂದ ಗಾಡಿಯವನು ಇಲ್ಲಿ ಮೈ ತೊಳೆಯುವಾಗ ತನ್ನದೇ ಕಸುಬನ್ನು ಕಾಲಡಿಯಲ್ಲಿ ಕಂಡು ನಕ್ಕಿರಬೇಕು. ಅದು ನನಗೆ ಬಹಳ ಮೆಚ್ಚುಗೆಯಾಯಿತು.

ಸ್ವಲ್ಪ ಮುಂದೆ ನೆಪ್ಚೂನನ ಸ್ನಾನಗೃಹ ಇದೆ. ನೆಪ್ಚೂನ ಎಂದರೆ ಅವರ ಸಮುದ್ರದೇವರು. ಮೆಟ್ಟಿಲು ಹತ್ತಿ ಮೇಲಿನಿಂದ ನೋಡಿದರೆ ಕೆಳಗೆ ಸುಮಾರು 18 ಮೀಟರ್ ಉದ್ದ, 10 ಮೀಟರ್ ಅಗಲದ ಒಂದೇ ಚಿತ್ರ. ಮೀನಿನ ಬಾಲವಿರುವ ನಾಲ್ಕು ಕುದುರೆಗಳು ಆ ದೇವರನ್ನು ಎಳೆದುಕೊಂಡು ಹೋಗುತ್ತಿವೆ. ಸುತ್ತ ಈಜುವ ಗಂಡಸರು, ಹೆಂಗಸರು, ಮೀನುಗಳು. ಹದ್ರಿಯಾನ ಚಕ್ರವರ್ತಿ ಇಪ್ಪತ್ತು ಲಕ್ಷ ಸೆಸ್ತೆರ್ಸ್ ನಾಣ್ಯ ಕೊಡುತ್ತೇನೆಂದು ಮಾತು ಕೊಟ್ಟದ್ದನ್ನೂ, ಸಾಲದ ಹಣವನ್ನು ಅವನ ನಂತರ ಬಂದ ಅಂತೋನಿನ ಸೇರಿಸಿದ್ದನ್ನೂ, 139ನೇ ಇಸವಿಯ ಕಲ್ಲಿನ ಬರಹ ಹೇಳುತ್ತದೆ. ಹಣ ಕೊಟ್ಟವರ ಹೆಸರು ಅಲ್ಲಿದೆ. ಆ ಲಕ್ಷಗಟ್ಟಲೆ ಕಲ್ಲಿನ ಚೂರುಗಳನ್ನು ಮೊಣಕಾಲೂರಿ ಕೂರಿಸಿದವರ ಹೆಸರು ಅಲ್ಲಿಲ್ಲ.

ಈ ಊರಿನಲ್ಲಿ ದೊಡ್ಡದು ಚಿಕ್ಕದು ಸೇರಿ ಸುಮಾರು ಇಪ್ಪತ್ತು ಸ್ನಾನಗೃಹಗಳು ಸಿಕ್ಕಿವೆ. ಚಿಲ್ಲರೆ ಕಾಸು ಕೊಟ್ಟು ಸಾಮಾನ್ಯ ಜನವೂ ಹೋಗುತ್ತಿದ್ದ ಜಾಗಗಳು ಅವು. ಮೊದಲು ತಣ್ಣೀರಿನ ಕೋಣೆ, ಆಮೇಲೆ ಉಗುರುಬೆಚ್ಚಗಿನ ಕೋಣೆ, ಆಮೇಲೆ ಬಿಸಿನೀರಿನ ಕೋಣೆ. ಊರಿನ ಚೌಕದ ಬಳಿಯ ದೊಡ್ಡ ಸ್ನಾನಗೃಹವನ್ನು 160ನೇ ಇಸವಿಯ ಸುಮಾರಿಗೆ ಕಟ್ಟಿದರು. ಅದರ ಬಿಸಿ ಕೋಣೆಗಳಿಗೆ ಮಧ್ಯಾಹ್ನದ ಬಿಸಿಲು ಬೀಳುವ ಕಡೆಗೇ ದೊಡ್ಡ ಕಿಟಕಿಗಳನ್ನು ಇಟ್ಟಿದ್ದಾರೆ. ಎಷ್ಟು ಜಾಣತನ ನೋಡಿ!

ಮಳೆಗಾಲದಲ್ಲಿ ನೆನೆದ ಕಂಬಳಿ ಹೊದ್ದು, ಜಿಗಣೆ ಕಿತ್ತು ಹಾಕುತ್ತಾ, ಸಂಜೆ ಲೈನಿಗೆ ಬರುವ ನಮ್ಮ ಅಕ್ಕತಂಗಿಯರಿಗೆ ಒಂದು ಹಂಡೆ ಬಿಸಿನೀರಿನ ಬೆಲೆ ಏನೆಂದು ನಾನು ಹೇಳಬೇಕಾಗಿಲ್ಲ. ಆ ಹಂಡೆಗೆ ಸೌದೆ ತರುವುದೂ ಅವರೇ, ಕೊಳಾಯಿಯ ಮುಂದೆ ಸಾಲು ನಿಲ್ಲುವುದೂ ಅವರೇ. ದುಡಿದ ಮೈಗೆ ಬಿಸಿನೀರು ಬೇಕೆಂಬುದನ್ನು ಈ ಹಳೆಯ ಊರು ಊರಿಗೆ ಊರೇ ಒಪ್ಪಿಕೊಂಡಿತ್ತು. ಆ ಒಂದು ವಿಷಯದಲ್ಲಿ ರೋಮನರಿಗೆ ನಾನು ಕೈ ಮುಗಿಯುತ್ತೇನೆ.

ಆದರೆ ಸಹೋದರರೇ, ಅಷ್ಟಕ್ಕೇ ನಿಲ್ಲಿಸಿದರೆ ಅರ್ಧ ಮಾತ್ರ ಹೇಳಿದಂತಾಗುತ್ತದೆ. ನೀರು ತಾನಾಗಿಯೇ ಕಾಯಲಿಲ್ಲ.

ಬಿಸಿ ಕೋಣೆಯ ನೆಲ ಒಡೆದಿರುವ ಕಡೆ ಬಗ್ಗಿ ನೋಡಿದರೆ ಕೆಳಗೆ ಇನ್ನೊಂದು ನೆಲ ಕಾಣುತ್ತದೆ. ಎರಡರ ನಡುವೆ ಇಟ್ಟಿಗೆಯ ಗಿಡ್ಡ ಗಿಡ್ಡ ಕಂಬಗಳು ಸಾಲಾಗಿ ನಿಂತಿವೆ. ಪಕ್ಕದಲ್ಲಿ ಒಲೆಯ ಬಾಯಿ. ಒಲೆಯಲ್ಲಿ ಉರಿದ ಸೌದೆಯ ಬಿಸಿ ಈ ಕಂಬಗಳ ನಡುವೆ ಹರಿದು, ಗೋಡೆಯೊಳಗಿನ ಮಣ್ಣಿನ ಕೊಳವೆಗಳಲ್ಲಿ ಮೇಲಕ್ಕೆ ಏರಿ ಕೋಣೆಯನ್ನೆಲ್ಲ ಕಾಯಿಸುತ್ತಿತ್ತು. ನಮ್ಮ ಟೀ ಫ್ಯಾಕ್ಟರಿಯ ಡ್ರೈಯರ್ ಒಲೆಯ ಹತ್ತಿರ ಕೆಲಸ ಮಾಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಒಣಗಿದ ಟೀಪುಡಿಯ ಪರಿಮಳ ಒಂದು ಕಡೆ, ಬೆಂಕಿಯ ಬಾಯಿ ಇನ್ನೊಂದು ಕಡೆ.

ಮಿತ್ರಾ ಎಂಬ ದೇವರ ಹೆಸರಿನ ಸ್ನಾನಗೃಹದಲ್ಲಿ ಮೆಟ್ಟಿಲಿಳಿದು ನೆಲದಡಿಗೇ ಹೋಗಬಹುದು. ಅಲ್ಲಿ ಕತ್ತಲೆಯ ಓಣಿಗಳಿವೆ. ನೀರೆತ್ತುವ ಚಕ್ರ ಇದ್ದ ಇಕ್ಕಟ್ಟು ಕೋಣೆಯಿದೆ. ಮೇಲೆ ಜನ ಎಣ್ಣೆ ಹಚ್ಚಿಕೊಂಡು ಹರಟೆ ಹೊಡೆಯುತ್ತಿದ್ದಾಗ, ಕೆಳಗೆ ಹೊಗೆಯಲ್ಲಿ, ಬೂದಿಯಲ್ಲಿ, ಸೌದೆ ಹೊತ್ತು ಓಡಾಡುತ್ತಿದ್ದವರು ಇದ್ದರು. ಇಂಥ ಕೆಲಸಕ್ಕೆ ರೋಮನರು ಹಾಕುತ್ತಿದ್ದುದು ಹೆಚ್ಚಾಗಿ ಗುಲಾಮರನ್ನು. ಅವರು ಕೊಂಡು ತಂದವರು, ಯುದ್ಧದಲ್ಲಿ ಹಿಡಿದು ತಂದವರು, ಗುಲಾಮರ ಹೊಟ್ಟೆಯಲ್ಲೇ ಹುಟ್ಟಿದವರು. ಅವರ ಮೈ ಅವರದಾಗಿರಲಿಲ್ಲ. ನಮ್ಮ ಗುಂಪಿನವರು ನೆಪ್ಚೂನನ ಚಿತ್ರದ ಮುಂದೆ ನಿಂತು ಬಹಳ ಫೋಟೋ ತೆಗೆದರು. ಆ ಓಣಿಯಲ್ಲಿ ಯಾರೂ ತೆಗೆಯಲಿಲ್ಲ. ತೆಗೆಯಲು ಅಲ್ಲಿ ಚಿತ್ರವೇ ಇಲ್ಲ.

ಹೀಗೆ ಆ ಊರಿನಲ್ಲಿ ದುಡಿದವರು ಎರಡು ಬಗೆ. ಗುರುತು ಉಳಿದವರು, ಗುರುತು ಉಳಿಯದವರು. ಗುರುತು ಉಳಿದವರು ಹೇಗೆ ಉಳಿದರು ಎಂಬುದೇ ನಾನು ಇವತ್ತು ಮುಖ್ಯವಾಗಿ ಹೇಳಬೇಕೆಂದಿರುವುದು.

ನಾಟಕಶಾಲೆಯ ಹಿಂದೆ ಒಂದು ದೊಡ್ಡ ಚೌಕವಿದೆ. ನಡುವೆ ಒಂದು ಗುಡಿ. ಮೂರು ಕಡೆ ಕಂಬಸಾಲು, ಅದರ ಹಿಂದೆ ಸುಮಾರು ಅರವತ್ತು ಸಣ್ಣ ಕೋಣೆಗಳು. ಇವು ಹಡಗಿನವರ, ವ್ಯಾಪಾರಿಗಳ, ಕಸುಬುದಾರರ ಸಂಘಗಳ ಜಾಗಗಳು. ಒಂದೊಂದರ ಮುಂದೆಯೂ ನೆಲದ ಮೇಲೆ ಕಪ್ಪು ಬಿಳುಪು ಚಿತ್ರ ಮತ್ತು ಬರಹ. ಓದು ಬಾರದವನೂ ಚಿತ್ರ ನೋಡಿ ಕಂಡುಹಿಡಿಯಬಹುದಾಗಿತ್ತು. ಆಫ್ರಿಕದ ಸಬ್ರಾತ ಊರಿನವರ ಮುಂದೆ ಆನೆ. ಕಾರ್ಥೇಜಿನ ಹಡಗಿನವರ ಹೆಸರು ಒಂದು ಕಡೆ. ಹಗ್ಗ ಮತ್ತು ನಾರಿನವರು, ತೊಗಲಿನವರು, ಮರದ ಸಾಗಣೆಯವರು. ಒಂದು ಚಿತ್ರದಲ್ಲಿ ಒಬ್ಬ ಹಮಾಲಿ ದೊಡ್ಡ ಹಡಗಿನಿಂದ ನದಿಯ ದೋಣಿಗೆ ಹೆಗಲ ಮೇಲೆ ಮಣ್ಣಿನ ಪಾತ್ರೆ ಹೊತ್ತು ದಾಟುತ್ತಿದ್ದಾನೆ.

ಆ ನದಿ ದೋಣಿಯವರ ಜಾಗದ ಮುಂದೆ ಎರಡೇ ಎರಡು ಮಾತಿನ ಅರ್ಥ ಬರುವಂತೆ ಬರೆದಿದೆ: ದೋಣಿಯವರು, ಸ್ವಂತ ಖರ್ಚಿನಲ್ಲಿ. ಅಂದರೆ ಈ ನೆಲವನ್ನು ಯಾವ ಚಕ್ರವರ್ತಿಯೂ ಹಾಕಿಸಿಕೊಡಲಿಲ್ಲ, ಯಾವ ಸಾಹುಕಾರನೂ ಕೊಡಲಿಲ್ಲ, ನಾವೇ ಹಣ ಕೂಡಿಸಿ ಹಾಕಿಸಿದೆವು ಎಂದು. ಸಂಘದ ಚಂದಾ ಕೊಡುವಾಗ ಮುಖ ಗಂಟಿಕ್ಕುವವರಿಗೆ ಈ ಎರಡು ಮಾತು ನೆನಪಿರಲಿ.

ಇನ್ನೊಂದು ಕಡೆ ಕಾಳು ಅಳೆಯುವವರ ಸಂಘದ ಕೋಣೆ ಇದೆ. ಅದರ ನೆಲದ ಚಿತ್ರವನ್ನು ನಾನು ಬಹಳ ಹೊತ್ತು ನೋಡಿದೆ. ಒಬ್ಬ ಹೆಗಲ ಮೇಲೆ ಮೂಟೆ ಹೊತ್ತು ಬರುತ್ತಿದ್ದಾನೆ. ನಡುವೆ ಅಳತೆಯ ಕೊಳಗ. ಅಳೆಯುವವನ ಕೈಯಲ್ಲಿ ಒಂದು ಕೋಲು. ಅದು ಕೊಳಗದ ಬಾಯಿಯನ್ನು ಸಮ ಮಾಡುವ ಕೋಲು, ತಲೆಗಟ್ಟಿ ಅಳೆಯಬಾರದು, ಕೊರೆಯಾಗಿಯೂ ಅಳೆಯಬಾರದು ಎಂದು. ಪಕ್ಕದಲ್ಲಿ ಒಬ್ಬ ಹುಡುಗ ಲೆಕ್ಕದ ಗುರುತುಗಳನ್ನು ದಾರಕ್ಕೆ ಕೋದು ಹಿಡಿದುಕೊಂಡಿದ್ದಾನೆ. ಎಷ್ಟು ಮೂಟೆಯಾಯಿತೆಂದು ಎಲ್ಲರ ಕಣ್ಣೆದುರಿಗೆ ಲೆಕ್ಕ.

ತೂಕದ ಶೆಡ್ಡಿನ ಮುಂದೆ ತಲೆಯ ಮೇಲೆ ಎಲೆಯ ಮೂಟೆ ಹೊತ್ತು ನಿಂತವರಿಗೆ ಈ ಚಿತ್ರದ ಅರ್ಥವನ್ನು ಯಾವ ಪಂಡಿತನೂ ಹೇಳಿಕೊಡಬೇಕಾಗಿಲ್ಲ. ತಕ್ಕಡಿಯ ಮುಳ್ಳು ಎಲ್ಲಿ ನಿಂತಿತು, ಪುಸ್ತಕದಲ್ಲಿ ಎಷ್ಟು ಬರೆದರು, ನೀರಿಗೆಂದು ಎಷ್ಟು ಕಳೆದರು? ಈ ಮೂರು ಪ್ರಶ್ನೆಯೇ ನಮ್ಮ ಸಂಬಳ. ನಾನು ಚಿಕ್ಕವನಾಗಿದ್ದಾಗ ಒಂದು ತೋಟದಲ್ಲಿ ನನ್ನ ತಾಯಿ ಎಲೆ ತೂಗಿಸಿ ಬಂದು, ಇದ್ದಿಲಿನಿಂದ ಗೋಡೆಯ ಮೇಲೆ ಗೀಟು ಹಾಕುತ್ತಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ. ತಿಂಗಳ ಕೊನೆಯಲ್ಲಿ ಅವಳ ಗೀಟಿಗೂ ಆಫೀಸಿನ ಲೆಕ್ಕಕ್ಕೂ ತಾಳೆಯಾಗದಿದ್ದರೆ, ಗೋಡೆಯ ಗೀಟನ್ನು ಸಾಕ್ಷಿಯೆಂದು ಯಾರೂ ಒಪ್ಪುತ್ತಿರಲಿಲ್ಲ. ಓಸ್ತಿಯಾದವರು ಆ ಗೀಟನ್ನು ಕಲ್ಲಿನಲ್ಲಿ ಕೂರಿಸಿ ಸಂಘದ ಮನೆಯ ನಡುವೆ ಇಟ್ಟರು. ಸರಿಯಾದ ಅಳತೆಯೇ ಅವರ ಮಾನ.

ಊರಿನ ಚೌಕದ ಪಕ್ಕದಲ್ಲಿ ಬಡಗಿಗಳ, ಮನೆ ಕಟ್ಟುವವರ ಸಂಘದ ಮನೆ ಇದೆ. ಕೂಡಿ ಕುಳಿತು ಊಟ ಮಾಡುವ ಜಗಲಿಗಳು ಈಗಲೂ ಇವೆ. ಈ ಸಂಘದವರು 198ನೇ ಇಸವಿಯಲ್ಲಿ ತಮ್ಮ ಸದಸ್ಯರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿಸಿದರು. ಸುಮಾರು 350 ಹೆಸರು, ಹದಿನಾರು ತಂಡಗಳಾಗಿ. ಬಂದರಿನ ದೋಣಿಯವರ ಒಂದು ಸಂಘದ ಪಟ್ಟಿ 152ನೇ ಇಸವಿಯದೂ ಸಿಕ್ಕಿದೆ, 192ನೇ ಇಸವಿಯದೂ ಸಿಕ್ಕಿದೆ. ನಲವತ್ತು ವರ್ಷದಲ್ಲಿ ಪಟ್ಟಿ ಉದ್ದವಾಗಿದೆ. ಓಸ್ತಿಯಾದ ಬಡಗಿಗಳ ಹೆಸರು ನಮಗೆ ತಿಳಿದಿದೆ. ಏಕೆಂದರೆ ಅವರು ತಾವೇ ಬರೆಸಿಟ್ಟರು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಬೇಕು. ಆ ಸಂಘಗಳನ್ನು ನಮ್ಮ ಯೂನಿಯನ್ನಿನ ಹಾಗೆಂದು ತಿಳಿಯಬಾರದು. ಅವು ಕೂಲಿ ಹೆಚ್ಚಿಸಿರೆಂದು ಕೇಳಲು ಹುಟ್ಟಿದವಲ್ಲ. ಕೂಡಿ ಉಣ್ಣುವುದು, ದೇವರ ಹಬ್ಬ ಮಾಡುವುದು, ಸತ್ತವರ ಮಣ್ಣಿಗೆ ಆಗುವುದು, ದೊಡ್ಡವರೊಬ್ಬರನ್ನು ಪೋಷಕರಾಗಿ ಇಟ್ಟುಕೊಳ್ಳುವುದು, ಇಂಥವೇ ಹೆಚ್ಚು. ಸಂಘದ ಮುಂದಾಳುಗಳಲ್ಲಿ ಹಣವಂತರೂ ಇದ್ದರು. ಗುಲಾಮನು ಇಂಥ ಸಂಘಕ್ಕೆ ಸೇರಬೇಕಾದರೆ ಒಡೆಯನ ಅಪ್ಪಣೆ ಬೇಕಿತ್ತು.

ಆದರೂ ಸರಕಾರಕ್ಕೆ ಅವುಗಳ ಮೇಲೆ ಸಂಶಯವಿತ್ತು. ಇದಕ್ಕೆ ಸಾಕ್ಷಿ ಬೇರೊಂದು ಪ್ರಾಂತ್ಯದಿಂದ ಸಿಗುತ್ತದೆ. ಈಗಿನ ತುರ್ಕಿ ದೇಶದಲ್ಲಿರುವ ನಿಕೊಮೇದಿಯ ಎಂಬ ಊರಿನಲ್ಲಿ ದೊಡ್ಡ ಬೆಂಕಿ ಬಿತ್ತು. ಬೆಂಕಿ ಆರಿಸಲು 150 ಕಸುಬುದಾರರ ಒಂದು ಸಂಘ ಮಾಡಲೇ ಎಂದು ಅಲ್ಲಿನ ಅಧಿಕಾರಿ ಪ್ಲಿನಿ ಎಂಬವನು ತ್ರಾಜಾನ ಚಕ್ರವರ್ತಿಗೆ ಪತ್ರ ಬರೆದ. ಚಕ್ರವರ್ತಿ ಬೇಡವೆಂದ. ಯಾವ ಹೆಸರಿನಲ್ಲಿ ಸೇರಿದರೂ ಜನ ಬೇಗನೆ ರಾಜಕೀಯದ ಕೂಟವಾಗುತ್ತಾರೆ, ನೀರೆರೆಯುವ ಸಲಕರಣೆ ಕೊಟ್ಟರೆ ಸಾಕು ಎಂಬುದು ಅವನ ಉತ್ತರದ ಸಾರಾಂಶ. ಊರು ಸುಟ್ಟರೂ ಚಿಂತೆಯಿಲ್ಲ, ದುಡಿಯುವ ಜನ ಒಟ್ಟಾಗಿ ಕೂಡಬಾರದು! ನಮ್ಮ ದೇಶದಲ್ಲಿ 1926ರಲ್ಲಿ ಕಾರ್ಮಿಕ ಸಂಘಗಳ ಕಾಯ್ದೆ ಬರುವವರೆಗೆ ಸಂಘ ಕಟ್ಟಿದವರಿಗೆ ಕಾನೂನಿನ ಆಸರೆ ಇರಲಿಲ್ಲ. ಹದಿನೆಂಟು ನೂರು ವರ್ಷ ಕಳೆದರೂ ಆ ಭಯ ಹೋಗಿರಲಿಲ್ಲ ಎಂದಾಯಿತು.

ಈಗ ಮನೆಗಳ ವಿಚಾರ. ಓಸ್ತಿಯಾದ ದುಡಿಯುವ ಜನ ಹೆಚ್ಚಾಗಿ ಇದ್ದದ್ದು ಇಟ್ಟಿಗೆಯ ಮಾಳಿಗೆ ಮನೆಗಳಲ್ಲಿ. ಮೂರು, ನಾಲ್ಕು ಅಂತಸ್ತು. ಕೆಳಗೆ ಅಂಗಡಿ, ಅಂಗಡಿಯ ಮೇಲೆ ಅಟ್ಟ, ಅಟ್ಟದಲ್ಲಿ ಅಂಗಡಿಯವನ ಸಂಸಾರ. ಮೇಲಿನ ಅಂತಸ್ತಿಗೆ ನೀರನ್ನು ಹೊತ್ತುಕೊಂಡೇ ಹೋಗಬೇಕು. ಒಲೆ ಹಾಕಲು ಸರಿಯಾದ ಜಾಗವಿಲ್ಲದವರು ಬೀದಿಯ ಹೋಟೆಲಿನಲ್ಲಿ ಉಣ್ಣುತ್ತಿದ್ದರು. ಅಂಥ ಒಂದು ಹೋಟೆಲು ಕಲ್ಲಿನ ಕಟ್ಟೆ ಸಮೇತ ಈಗಲೂ ಇದೆ. ಗೋಡೆಯ ಮೇಲೆ ತಿಂಡಿಯ ಚಿತ್ರವನ್ನೂ ಬರೆದಿದ್ದಾರೆ. ರೊಟ್ಟಿಯ ಕಾರ್ಖಾನೆಯಲ್ಲಿ ಕಪ್ಪು ಕಲ್ಲಿನ ದೊಡ್ಡ ಬೀಸುವ ಕಲ್ಲುಗಳು ಸಾಲಾಗಿ ನಿಂತಿವೆ. ಪ್ರಾಣಿಗಳನ್ನು ಕಟ್ಟಿ ಸುತ್ತಿಸಿದ ಕಲ್ಲುಗಳು ಅವು. ಬಟ್ಟೆ ತೊಳೆಯುವವರ ತೊಟ್ಟಿಗಳಿವೆ. ಮನುಷ್ಯರ ಮೂತ್ರ ಬೆರೆಸಿದ ನೀರಿನಲ್ಲಿ ನಿಂತು ಕಾಲಿನಿಂದ ಬಟ್ಟೆ ತುಳಿಯುವುದು ಅವರ ಕೆಲಸ. ಸುಮಾರು ಇಪ್ಪತ್ತು ಜನ ಸಾಲಾಗಿ ಕೂರುವ ಕಲ್ಲಿನ ಸಾರ್ವಜನಿಕ ಕಕ್ಕಸೂ ಇದೆ. ಅಡಿಯಲ್ಲಿ ನೀರು ಹರಿಯುತ್ತಿತ್ತು. ನಮ್ಮವರು ಅದನ್ನು ನೋಡಿ ನಕ್ಕರು. ಎಷ್ಟು ತೋಟದ ಲೈನುಗಳಲ್ಲಿ ಎಷ್ಟು ವರ್ಷ ಹೆಂಗಸರು ಬೆಳಕು ಹರಿಯುವ ಮೊದಲೇ ಪೊದೆ ಹುಡುಕಿಕೊಂಡು ಹೋದರೆಂಬುದು ನೆನಪಾಗಿ ನನಗೆ ನಗು ಬರಲಿಲ್ಲ. ಮನೆ, ನೀರು, ಕಕ್ಕಸು ಕೊಡಲೇಬೇಕೆಂದು ನಮ್ಮ ದೇಶದಲ್ಲಿ 1951ರಲ್ಲಿ ತೋಟ ಕಾರ್ಮಿಕರ ಕಾಯ್ದೆ ಮಾಡಬೇಕಾಯಿತು.

ಹೆಂಗಸರು ಈ ಊರಿನಲ್ಲಿ ಎಲ್ಲಿ ಎಂದು ನಮ್ಮ ಅಕ್ಕಂದಿರು ಕೇಳಿಯೇ ಕೇಳುತ್ತಾರೆ. ಸಂಘದ ಪಟ್ಟಿಯಲ್ಲಿ ಅವರಿಲ್ಲ, ಸಮಾಧಿಯಲ್ಲಿ ಇದ್ದಾರೆ. ನದಿಯ ಆಚೆ ಹೊಸ ಬಂದರಿನವರ ಹೂಳುವ ಜಾಗವೊಂದಿದೆ. ಅಲ್ಲಿ ಸ್ಕ್ರಿಬೋನಿಯ ಆತ್ತಿಕೆ ಎಂಬ ಸೂಲಗಿತ್ತಿಯ ಸಮಾಧಿ ಸಿಕ್ಕಿತು. ಸುಟ್ಟ ಮಣ್ಣಿನ ಹಲಗೆಯಲ್ಲಿ ಅವಳ ಕೆಲಸದ ಚಿತ್ರ: ಬಸುರಿ ಹೆಂಗಸು ಕುರ್ಚಿಯಲ್ಲಿ ಕುಳಿತಿದ್ದಾಳೆ, ಒಬ್ಬಳು ಹಿಂದಿನಿಂದ ಹಿಡಿದುಕೊಂಡಿದ್ದಾಳೆ, ಸೂಲಗಿತ್ತಿ ಮುಂದೆ ಕುಳಿತು ಮಗುವನ್ನು ಬರಮಾಡಿಕೊಳ್ಳುತ್ತಿದ್ದಾಳೆ. ಅವಳ ಗಂಡ ಗಾಯಕ್ಕೆ ಔಷಧ ಮಾಡುವವನು, ಅವನ ಚಿತ್ರವೂ ಇದೆ. ಅದೇ ಜಾಗದಲ್ಲಿ ಕಟ್ಟಡದ ಸಮಾಧಿಗೆ ಗತಿಯಿಲ್ಲದವರನ್ನು ನೆಲದಲ್ಲಿ ಹೂಳಿ, ಗುರುತಿಗೆ ಒಂದು ಮಣ್ಣಿನ ಪಾತ್ರೆಯ ಕುತ್ತಿಗೆಯನ್ನು ಮಾತ್ರ ಮೇಲೆ ಕಾಣುವಂತೆ ನೆಟ್ಟಿದ್ದಾರೆ. ಹೆಸರಿಲ್ಲ, ಕುತ್ತಿಗೆ ಮಾತ್ರ.

ನಮ್ಮ ಸಭೆಗೆ ಸಂಬಂಧಪಟ್ಟ ಒಂದು ಸಮಾಧಿಯೂ ಓಸ್ತಿಯಾದಲ್ಲೇ ಇತ್ತು. ಸಂತ ಅಗಸ್ಟೀನರ ತಾಯಿ ಸಂತ ಮೋನಿಕಾ ತೀರಿಹೋದದ್ದು ಇಲ್ಲಿಯೇ, 387ರಲ್ಲಿ, ಆಫ್ರಿಕಕ್ಕೆ ಮರಳುವ ಹಡಗಿಗಾಗಿ ಕಾಯುತ್ತಿದ್ದಾಗ. ಆಕೆಗೆ 56 ವರ್ಷ. ಗಂಡನ ಪಕ್ಕದಲ್ಲಿ ಹುಟ್ಟೂರಿನಲ್ಲಿ ಮಣ್ಣಾಗಬೇಕೆಂದು ಆಕೆ ಮೊದಲು ಆಸೆಪಟ್ಟಿದ್ದಳು. ಕೊನೆಗೆ ಆ ಆಸೆಯನ್ನೂ ಬಿಟ್ಟಳು. ಮೈಯನ್ನು ಎಲ್ಲಾದರೂ ಹೂಳಿ, ಪೂಜೆಯಲ್ಲಿ ನನ್ನನ್ನು ನೆನೆಯಿರಿ, ಅಷ್ಟೇ ಸಾಕೆಂದು ಮಕ್ಕಳಿಗೆ ಹೇಳಿದಳೆಂದು ಮಗನೇ ಬರೆದಿದ್ದಾನೆ. 1945ರಲ್ಲಿ ಅಲ್ಲಿನ ಸಂತ ಔರಿಯಾ ದೇವಾಲಯದ ಪಕ್ಕ ಹುಡುಗರು ಆಟಕ್ಕೆ ಕಂಬ ನೆಡಲು ಗುಂಡಿ ತೋಡುತ್ತಿದ್ದಾಗ ಆಕೆಯ ಸಮಾಧಿಯ ಬರಹವಿದ್ದ ಕಲ್ಲಿನ ತುಂಡು ಸಿಕ್ಕಿತು. ಮೈಸೂರು, ಚಾಮರಾಜನಗರ ಸೀಮೆಯಿಂದ ಬೆಟ್ಟ ಹತ್ತಿ ಬಂದು, ಒಂದು ವರ್ಷ ದುಡಿದು ಹಿಂದಿರುಗುತ್ತೇವೆ ಎಂದುಕೊಂಡು, ಇಲ್ಲಿಯೇ ಮಣ್ಣಾದ ನಮ್ಮ ಅಜ್ಜ ಅಜ್ಜಿಯರಿಗೆ ಈ ತಾಯಿ ಹತ್ತಿರದವಳು.

ಓಸ್ತಿಯಾ ಊರು ಪೊಂಪೆಯ ಹಾಗೆ ಒಂದು ದಿನದಲ್ಲಿ ಬೂದಿಯಡಿ ಹೂತುಹೋದದ್ದಲ್ಲ. ವ್ಯಾಪಾರ ಕುಗ್ಗಿತು, ಹೂಳು ತುಂಬಿತು, ಜನ ಒಬ್ಬೊಬ್ಬರಾಗಿ ಬಿಟ್ಟುಹೋದರು. ಹಾಲುಗಲ್ಲನ್ನು ಕಿತ್ತು ಸುಣ್ಣ ಸುಟ್ಟರು. ಸುತ್ತಲಿನ ಜಾಗವೆಲ್ಲ ಜೌಗಾಯಿತು, ಮಲೇರಿಯಾ ನೆಲೆಸಿತು. ಬೇಸಗೆಯಲ್ಲಿ ಅಲ್ಲಿ ಉಳಿದವನು ಬದುಕುವುದು ಕಷ್ಟವೆಂಬ ಸ್ಥಿತಿ.

ಆ ಜೌಗನ್ನು ಒಣಗಿಸಿದವರು ಯಾರು? ಇದು ನನಗೆ ಹೊಸ ಸಂಗತಿ, ನಿಮಗೂ ಹೊಸದಾಗಿರಬಹುದು. ಇಟಲಿಯ ಇನ್ನೊಂದು ಮೂಲೆಯಾದ ರವೆನ್ನದಲ್ಲಿ ಭೂಮಿಯಿಲ್ಲದ ಕೂಲಿಕಾರರು 1883ರಲ್ಲಿ ಒಂದು ಸಹಕಾರ ಸಂಘ ಕಟ್ಟಿದರು. ನುಲ್ಲೊ ಬಲ್ದಿನಿ ಎಂಬ ತರುಣ ಅವರ ಮುಂದಾಳುಗಳಲ್ಲೊಬ್ಬ. ಮೇಸ್ತ್ರಿಯ ಕೈಕೆಳಗೆ ಕೂಲಿಗೆ ಹೋಗುವ ಬದಲು ಸಂಘವೇ ಕೆಲಸದ ಗುತ್ತಿಗೆ ಹಿಡಿಯುವುದೆಂದು ತೀರ್ಮಾನ. 1884ರ ನವೆಂಬರಿನಲ್ಲಿ ಸುಮಾರು 500 ಜನ, ಹೆಂಗಸರೂ ಸೇರಿ, ಗುದ್ದಲಿ ತಳ್ಳುಗಾಡಿಯೊಂದಿಗೆ ಓಸ್ತಿಯಾಕ್ಕೆ ಬಂದರು. ಕಾಲುವೆ ತೋಡಿದರು, ನೀರನ್ನು ಹೊರಹಾಕಿದರು, ನೆಲವನ್ನು ಉಳುವ ಹಾಗೆ ಮಾಡಿದರು. ಅವರಲ್ಲಿ ಅನೇಕರು ಮಲೇರಿಯಾದಿಂದ ಸತ್ತರು. ಆ ಜ್ವರ ಸೊಳ್ಳೆಯಿಂದ ಹರಡುತ್ತದೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಅದು ನಮ್ಮ ಸಿಕಂದರಾಬಾದಿನಲ್ಲಿ 1897ರಲ್ಲಿ ರೊನಾಲ್ಡ್ ರಾಸ್ ಮಾಡಿದ ಶೋಧನೆಯಿಂದ ಗೊತ್ತಾಯಿತು. ಗೂಡಲೂರು, ವಯನಾಡು ಕಡೆ ಕಾಡು ಕಡಿದು ತೋಟ ಹಾಕಿದ ಕಾಲದಲ್ಲಿ ನಮ್ಮವರನ್ನು ತಿಂದದ್ದೂ ಇದೇ ಜ್ವರ.

ಆಮೇಲೆ ಅಗೆತದವರು ಬಂದರು. 1938ರಿಂದ 1942ರ ತನಕ, ರೋಮಿನಲ್ಲಿ ನಡೆಯಬೇಕಾಗಿದ್ದ ಒಂದು ದೊಡ್ಡ ವಸ್ತುಪ್ರದರ್ಶನದ ಸಲುವಾಗಿ, ಮುಸ್ಸೊಲಿನಿಯ ಸರಕಾರ ಅವಸರದಲ್ಲಿ ಊರಿನ ದೊಡ್ಡ ಭಾಗವನ್ನು ಅಗೆಸಿತು. ಯುದ್ಧದಿಂದ ಆ ಪ್ರದರ್ಶನವೇ ನಡೆಯಲಿಲ್ಲ. 1961ರಲ್ಲಿ ವಿಮಾನ ನಿಲ್ದಾಣಕ್ಕೆ ರಸ್ತೆ ಮಾಡುವಾಗ ಯೆಹೂದ್ಯರ ಹಳೆಯ ಸಭಾಮಂದಿರವೂ ಸಿಕ್ಕಿತು. ಗುದ್ದಲಿ ಬಿದ್ದಲ್ಲೆಲ್ಲ ಊರು. ಮೊಸಾಯಿಕ್ ನೋಡಿ ಬರುವ ಪ್ರವಾಸಿಗಳಿಗೆ ಆ ನೆಲವನ್ನು ಕಾಲಿಡುವ ಹಾಗೆ ಮಾಡಿಕೊಟ್ಟವರು ರವೆನ್ನದ ಕೂಲಿಗಳು. ಆ ಉಪಕಾರ ಮರೆಯಬಾರದು.

ಪ್ರಿಯರೇ, ಮುಗಿಸುವ ಮೊದಲು ಒಂದು ಕೆಲಸದ ಮಾತು. ಓಸ್ತಿಯಾದಲ್ಲಿ ಸಿಕ್ಕ ಒಂದು ಬಣ್ಣದ ಚಿತ್ರ ಈಗ ವ್ಯಾಟಿಕನ್ ಸಂಗ್ರಹಾಲಯದಲ್ಲಿದೆ. ದೋಣಿಗೆ ಧಾನ್ಯ ತುಂಬುತ್ತಿದ್ದಾರೆ. ದೋಣಿಯ ಹೆಸರು, ನಡೆಸುವವನ ಹೆಸರು ಬರೆದಿದೆ. ಮೂಟೆ ಹೊತ್ತವರಿಗೆ ಹೆಸರಿಲ್ಲ. ಆದರೆ ಒಬ್ಬ ಕೆಲಸಗಾರನ ಹತ್ತಿರ ಒಂದು ಮಾತು ಬರೆದಿದೆ. ಅದರ ಅರ್ಥ: ಮಾಡಿ ಮುಗಿಸಿದೆ. ಹೆಸರು ಹೋದರೂ ಅಷ್ಟು ಉಳಿಯಿತು.

ನಮ್ಮ ತೋಟಗಳಲ್ಲಿ ಅಷ್ಟಾದರೂ ಉಳಿದಿದೆಯೇ? ಬಂಗಲೆಯ ಗೋಡೆಯ ಮೇಲೆ ಹಿಂದಿನ ದೊರೆಗಳ ಹೆಸರು ಸಾಲಾಗಿ ಇರುತ್ತದೆ. ಕಾಡು ಕಡಿದವರು, ಗುಂಡಿ ತೋಡಿದವರು, ಮೊದಲ ಸಸಿ ನೆಟ್ಟವರು ಯಾರೆಂದು ಕೇಳಿದರೆ ಹಳೆಯ ಚೆಕ್‌ರೋಲಿನಲ್ಲಿ ನಂಬರು ಇತ್ತು, ಆ ಪುಸ್ತಕವೂ ಗೆದ್ದಲು ಹಿಡಿದಿದೆ ಎನ್ನುತ್ತಾರೆ. ನಿವೃತ್ತಿಯಾದ ಮೇಲೆ ಲೈನು ಮನೆ ಬಿಡಿ ಎಂಬ ಮಾತು ಬಂದಾಗ, ನಾವು ಎಷ್ಟು ತಲೆಮಾರಿನಿಂದ ಇಲ್ಲಿದ್ದೇವೆಂದು ತೋರಿಸಲು ಎಷ್ಟು ಮನೆಗಳಲ್ಲಿ ಒಂದು ಚೀಟಿ ಇದೆ?

ಆದ್ದರಿಂದ ಈ ಸಭೆಯಲ್ಲಿ ನನ್ನ ಬಿನ್ನಹ ಇಷ್ಟು. ನಾವು ಒಂದು ದೊಡ್ಡ ರಿಜಿಸ್ಟರ್ ಪುಸ್ತಕ ತರೋಣ, ನಮ್ಮದೇ ಖರ್ಚಿನಲ್ಲಿ. ಪ್ರತಿ ಲೈನಿನಿಂದ ಓದು ಬರೆಹ ಬಲ್ಲ ಒಬ್ಬ ಹುಡುಗಿ, ಒಬ್ಬ ಹುಡುಗ ಮುಂದೆ ಬರಲಿ. ಮನೆಮನೆಗೆ ಹೋಗಿ ಹಿರಿಯರನ್ನು ಕೇಳಿ ಬರೆಯಲಿ: ಮೊದಲು ಬಂದವರ ಹೆಸರು, ಯಾವ ಊರಿನಿಂದ, ಯಾವ ವರ್ಷ, ಯಾವ ಕೆಲಸ, ಎಲ್ಲಿ ಮಣ್ಣಾದರು. ಹೆಂಗಸರ ಹೆಸರನ್ನು ಗಂಡನ ಹೆಸರಿನ ಹಿಂದೆ ಅಡಗಿಸದೆ ಅವರದೇ ಸಾಲಿನಲ್ಲಿ ಬರೆಯಲಿ. ಸೂಲಗಿತ್ತಿಯನ್ನೂ, ಪಿಳ್ಳೆಮನೆಯ ಆಯಾಳನ್ನೂ, ಕಕ್ಕಸು ಬಳಿದವನನ್ನೂ, ಫ್ಯಾಕ್ಟರಿಯ ಒಲೆಯ ಬೆಂಕಿ ನೋಡಿದವನನ್ನೂ ಬಿಡಬಾರದು. ಬೇರೆ ಮತದವರ, ಬೇರೆ ಭಾಷೆಯವರ ಮನೆಯನ್ನೂ ಬಿಡಬಾರದು. ಚೆಕ್‌ರೋಲಿನಲ್ಲಿ ಹೆಸರೇ ಏರದ ದಿನಗೂಲಿಯವರನ್ನು ಮೊದಲ ಪುಟದಲ್ಲೇ ಬರೆಯೋಣ, ಏಕೆಂದರೆ ಓಸ್ತಿಯಾದ ನೆಲದಡಿಯಲ್ಲಿದ್ದವರ ಹಾಗೆ ಮೊದಲು ಮರೆಯಾಗುವವರು ಅವರೇ.

ಪುಸ್ತಕ ದೇವಾಲಯದ ಬೀರುವಿನಲ್ಲಿರಲಿ, ಒಂದು ಪ್ರತಿ ಯೂನಿಯನ್ ಆಫೀಸಿನಲ್ಲಿರಲಿ. ಮುಂದಿನ ಸಭೆಯ ದಿನ ಕನಿಷ್ಠ ಎರಡು ಲೈನಿನ ಪಟ್ಟಿಯನ್ನು ಇಲ್ಲಿ ಗಟ್ಟಿಯಾಗಿ ಓದೋಣ. ಬರೆಯುವವರು ಸಭೆ ಮುಗಿದ ಕೂಡಲೇ ನನ್ನ ಹತ್ತಿರ ಬಂದು ಹೆಸರು ಕೊಡಿರಿ.

ದೇವರು ನಿಮ್ಮ ಕೈಕೆಲಸವನ್ನು ಆಶೀರ್ವದಿಸಲಿ.